ಪರಿಸರ ಆರೋಗ್ಯದಲ್ಲಿ ಪಿಜಿ ಮಾಡಬೇಕಾ? ಮೊದಲು ನೇಮಕಾತಿ ಅಧಿಸೂಚನೆ ಓದಿ, ಆಮೇಲೆ ಕೋರ್ಸ್ ಹುಡುಕಿ

ಬಿ.ಎಸ್ಸಿ. ಕೊನೆಯ ವರ್ಷ ಬಂತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ ಕೇಳುತ್ತಾರೆ: "ಈ ಪರಿಸರ ಆರೋಗ್ಯ ಅಂತಾರಲ್ಲ, ಅದನ್ನು ಓದಿದರೆ ಕೆಲಸ ಸಿಗುತ್ತಾ?" ಸಿಗುತ್ತದೆ. ಆದರೆ ಹೆಚ್ಚಿನವರು ಹೋಗುವ ದಾರಿಯಲ್ಲಿ ಹೋದರೆ ಕಷ್ಟ. ಮೊದಲು ಸೀಟು ಸಿಕ್ಕ ಕೋರ್ಸ್ ಸೇರುವುದು, ಎರಡು ವರ್ಷ ಓದುವುದು, ಆಮೇಲೆ ಕೆಲಸ ಹುಡುಕುವುದು, ಇದು ಆ ದಾರಿ. ಈ ವಿಷಯದಲ್ಲಿ ಉಲ್ಟಾ ಹೋಗಬೇಕು. ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತೇನೆ.

ಅದಕ್ಕೂ ಮೊದಲು, ಇದು ಗಿಡ ನೆಡುವ ವಿಷಯ ಅಲ್ಲ. ಕಾಡು, ಪ್ರಾಣಿ, ಜೀವವೈವಿಧ್ಯ ಇಷ್ಟ ಅಂತ ಬರುವವರು ಆಮೇಲೆ ಬೇಜಾರಾಗುತ್ತಾರೆ. ಗಾಳಿ, ನೀರು, ಧೂಳು, ಹೊಗೆ, ಕೀಟನಾಶಕ, ಕೀಟ, ಬಿಸಿಲು, ಕೆಲಸದ ಜಾಗ ಇವೆಲ್ಲ ಮನುಷ್ಯನ ಮೈಗೆ ಏನು ಮಾಡುತ್ತವೆ, ಎಷ್ಟು ಪ್ರಮಾಣ ಆದರೆ ಅಪಾಯ, ಅದನ್ನು ತಡೆಯುವುದು ಹೇಗೆ, ಇದು ಪರಿಸರ ಆರೋಗ್ಯ. ಮಲೆನಾಡಿನವರಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಗದ್ದೆ ತೋಟದಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರ, ಕೈಗವಸು ಇಲ್ಲದೆ ಅಡಿಕೆ ಮರ ಹತ್ತಿ ಬೋರ್ಡೋ (ಕೊಳೆರೋಗಕ್ಕೆ ಹಾಕುವ ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ಕೊನೆಗಾರ, ಬಚ್ಚಲು ಒಲೆಯ ಹೊಗೆ, ಕಲ್ಲು ಕ್ರಷರ್ ಧೂಳು. ಎಲ್ಲವೂ ಇದೇ ಪಠ್ಯದ ಪಾಠಗಳು.

1. ಯಾವ ಕಡೆಯವರು ಅಂತ ತೀರ್ಮಾನ ಮಾಡಿ

ಈ ಕ್ಷೇತ್ರಕ್ಕೆ ಹೆಚ್ಚೂಕಡಿಮೆ ಮೂರು ಬಾಗಿಲು. ಒಂದು, ಅಳೆಯುವ ಕಡೆ. ಗಾಳಿ ನೀರಿನ ಸ್ಯಾಂಪಲ್ ತೆಗೆಯುವುದು, ಲ್ಯಾಬ್, ತ್ಯಾಜ್ಯ ನೀರು ಶುದ್ಧ ಮಾಡುವ ಘಟಕ. ಇದಕ್ಕೆ ಕೆಮಿಸ್ಟ್ರಿ ಅಥವಾ ಸಿವಿಲ್, ಕೆಮಿಕಲ್ ಎಂಜಿನಿಯರಿಂಗ್ ಬೇಕು. ಎರಡು, ಜನರ ಕಡೆ. ಯಾವ ಊರಲ್ಲಿ ಯಾರಿಗೆ ಕಾಯಿಲೆ ಬಂತು, ಏಕೆ ಬಂತು ಅಂತ ಲೆಕ್ಕ ಹಾಕುವ ಎಪಿಡೆಮಿಯಾಲಜಿ, ಅಂದರೆ ರೋಗ ಹರಡುವ ರೀತಿಯ ಅಧ್ಯಯನ. ಇದಕ್ಕೆ ಅಂಕಿ ಸಂಖ್ಯೆ ಮತ್ತು ಊರೂರು ತಿರುಗುವ ತಾಳ್ಮೆ ಬೇಕು. ಮೂರು, ಮೈಯೊಳಗಿನ ಕಡೆ. ವಿಷ ದೇಹಕ್ಕೆ ಸೇರಿದ ಮೇಲೆ ಏನಾಗುತ್ತದೆ ಅನ್ನುವ ಟಾಕ್ಸಿಕಾಲಜಿ. ಇದು ಬಯೋಕೆಮಿಸ್ಟ್ರಿ, ಜೂವಾಲಜಿ, ಫಾರ್ಮಸಿ ಓದಿದವರಿಗೆ ಹೊಂದುತ್ತದೆ.

ನಿಮ್ಮ ಡಿಗ್ರಿ ಆಗಲೇ ಅರ್ಧ ತೀರ್ಮಾನ ಮಾಡಿರುತ್ತದೆ. ಸಿಬಿಝೆಡ್ (ಕೆಮಿಸ್ಟ್ರಿ, ಬಾಟನಿ, ಜೂವಾಲಜಿ) ಓದಿದವರು ಎಂಜಿನಿಯರ್ ಹುದ್ದೆಯ ಕನಸು ಕಾಣಬೇಡಿ. ಬಿ.ಇ. ಸಿವಿಲ್ ಮಾಡಿದವರು ಸುಮ್ನೆ ಎಂ.ಎಸ್ಸಿ.ಗೆ ಹೋಗಿ ಕೈಯಲ್ಲಿರುವ ಎಂಜಿನಿಯರಿಂಗ್ ಪದವಿಯ ಬೆಲೆ ಇಳಿಸಿಕೊಳ್ಳಬೇಡಿ.

2. ಅಧಿಸೂಚನೆ ಓದಿ. ಇದೇ ಮುಖ್ಯ ಹಂತ

ಹೆಚ್ಚಿನವರು ಹಾರಿಹೋಗುವ ಹಂತವೂ ಇದೇ. ನಮ್ಮಲ್ಲಿ ಸರ್ಕಾರಿ ನೇಮಕಾತಿ ಅಧಿಸೂಚನೆಗಳಲ್ಲಿ "ಪರಿಸರ ಆರೋಗ್ಯ ಪದವೀಧರರು ಬೇಕಾಗಿದ್ದಾರೆ" ಅಂತ ಇರುವುದು ತೀರಾ ಅಪರೂಪ. "ಎಂ.ಎಸ್ಸಿ. ಪರಿಸರ ವಿಜ್ಞಾನ", "ಎಂ.ಎಸ್ಸಿ. ರಸಾಯನಶಾಸ್ತ್ರ", "ಬಿ.ಇ. ಸಿವಿಲ್ ಅಥವಾ ಎನ್ವಿರಾನ್ಮೆಂಟಲ್", "ಎಂಪಿಎಚ್", ಹೀಗೆ ಇರುತ್ತದೆ. ಎಂಪಿಎಚ್ ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ನಿಮ್ಮ ಮಾರ್ಕ್ಸ್ ಕಾರ್ಡ್ ಮೇಲಿನ ಹೆಸರು ಅಧಿಸೂಚನೆಯ ಹೆಸರಿಗೆ ಹೊಂದದಿದ್ದರೆ, ನೀವು ಎಷ್ಟೇ ಚೆನ್ನಾಗಿ ಓದಿದ್ದರೂ ಅರ್ಜಿ ಪರಿಶೀಲನೆಯಲ್ಲೇ ಹೊರಗೆ.

ಹಾಗಾಗಿ ಒಂದು ಭಾನುವಾರ ಕೂತು ಹಳೆಯ ಅಧಿಸೂಚನೆಗಳನ್ನು ಇಳಿಸಿಕೊಳ್ಳಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ನಗರಸಭೆ ಪಾಲಿಕೆಗಳ ಪರಿಸರ ಎಂಜಿನಿಯರ್ ಹುದ್ದೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆಗಳ ಪ್ರಾಜೆಕ್ಟ್ ಹುದ್ದೆಗಳು. ಪ್ರತಿಯೊಂದರಲ್ಲೂ "ವಿದ್ಯಾರ್ಹತೆ" ಕಾಲಂ ಮಾತ್ರ ಬರೆದಿಟ್ಟುಕೊಳ್ಳಿ. ರಾಜ್ಯದ ಇಲಾಖೆಯಾದರೆ ಅದರ ವೃಂದ ಮತ್ತು ನೇಮಕಾತಿ ನಿಯಮ ನೋಡಿ. ಯಾವ ಹುದ್ದೆಗೆ ಯಾವ ಪದವಿ, ಎಷ್ಟು ಬಡ್ತಿಯಿಂದ, ಎಷ್ಟು ನೇರವಾಗಿ ತುಂಬುತ್ತಾರೆ ಅನ್ನುವುದು ಅದರಲ್ಲೇ ಇರುತ್ತದೆ. ನೇರ ನೇಮಕಾತಿಯೇ ಇಲ್ಲದ ಹುದ್ದೆಗೆ ತಯಾರಾಗುವವರನ್ನೂ ನೋಡಿದ್ದೇನೆ.

ಎಚ್ಚರಿಕೆ: "ತತ್ಸಮಾನ ಪದವಿ" ಅನ್ನುವ ಪದ ನೋಡಿ ಖುಷಿಪಡಬೇಡಿ. ತತ್ಸಮಾನ ಅಂತ ಸಾಬೀತು ಮಾಡುವ ಪತ್ರವನ್ನು ನೀವೇ ವಿಶ್ವವಿದ್ಯಾಲಯದಿಂದ ತರಬೇಕಾಗುತ್ತದೆ, ಅದು ಕೊನೆಯ ದಿನಾಂಕದ ಒಳಗೆ ಕೈಗೆ ಸಿಗುತ್ತದೆ ಅನ್ನುವ ನಂಬಿಕೆ ಇಟ್ಟುಕೊಳ್ಳಬೇಡಿ.

3. ಈಗ ಕೋರ್ಸ್ ಆರಿಸಿ

ಮನೆ ಹತ್ತಿರದಿಂದ ಶುರು ಮಾಡೋಣ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗ ಇದೆ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲೂ ಇದೆ. ಖರ್ಚು ಕಡಿಮೆ, ಪದವಿಯ ಹೆಸರು ಅಧಿಸೂಚನೆಗೆ ನೇರವಾಗಿ ಹೊಂದುತ್ತದೆ, ಮೇಲಾಗಿ ಭದ್ರಾ ನದಿ, ಭದ್ರಾವತಿಯ ಕೈಗಾರಿಕೆ, ಪಶ್ಚಿಮ ಘಟ್ಟ ಎಲ್ಲ ಕೈಗೆಟುಕುವ ದೂರದಲ್ಲಿ. ಕೊರತೆ ಏನೆಂದರೆ ಸಾಮಾನ್ಯವಾಗಿ ಪರಿಸರ ವಿಜ್ಞಾನದ ಎಂ.ಎಸ್ಸಿ.ಗಳಲ್ಲಿ ಆರೋಗ್ಯದ ಭಾಗ ತೆಳ್ಳಗೆ ಇರುತ್ತದೆ. ಅದನ್ನು ನೀವೇ ತುಂಬಿಕೊಳ್ಳಬೇಕು, ಹೇಗೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಎಂಜಿನಿಯರ್‌ಗಳಿಗೆ ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಸುರತ್ಕಲ್ ಎನ್‌ಐಟಿಕೆ, ಮೈಸೂರಿನ ಎಸ್‌ಜೆಸಿಇ ಹತ್ತಿರದ ಆಯ್ಕೆಗಳು.

ಜನರ ಕಡೆ ಹೋಗುವವರಿಗೆ ಎಂಪಿಎಚ್. ಮಣಿಪಾಲ ಇದೆ, ಮೈಸೂರಿನ ಜೆಎಸ್‌ಎಸ್ ಇದೆ, ಬೆಂಗಳೂರಿನಲ್ಲಿ ಐಐಪಿಎಚ್ (ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್) ಇದೆ. ಡಾಕ್ಟರ್ ಅಲ್ಲದವರಿಗೂ ಸೀಟು ಕೊಡುವ ಕಾಲೇಜುಗಳು ಬೇಕಾದಷ್ಟಿವೆ. ಆದರೆ ಸೇರುವ ಮೊದಲು ಒಂದು ನೇರ ಪ್ರಶ್ನೆ ಕೇಳಿ: ಕಳೆದ ಬ್ಯಾಚಿನ ಎಂಬಿಬಿಎಸ್ ಅಲ್ಲದವರು ಈಗ ಎಲ್ಲಿದ್ದಾರೆ? ಕೆಲವು ಆರೋಗ್ಯ ಹುದ್ದೆಗಳಿಗೆ ವೈದ್ಯರಿಗೆ ಮೊದಲ ಆದ್ಯತೆ, ಉಳಿದವರಿಗೆ ಆಮೇಲೆ. ಉತ್ತರ ಹಾರಿಕೆಯದಾದರೆ ಅರ್ಥ ಮಾಡಿಕೊಳ್ಳಿ.

ಪರಿಸರ ಆರೋಗ್ಯವನ್ನೇ ಹಿಡಿದು ಕೆಲಸ ಮಾಡುವ ಜಾಗ ಬೇಕು ಅಂದರೆ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆ ನೋಡಿ. ಅಲ್ಲಿ ಪರಿಸರ ಆರೋಗ್ಯ ಎಂಜಿನಿಯರಿಂಗ್ ಅಂತ ಪ್ರತ್ಯೇಕ ವಿಭಾಗವೇ ಇದೆ, ಅಡುಗೆ ಒಲೆಯ ಹೊಗೆ ಬಗ್ಗೆ ಅಲ್ಲಿ ನಡೆದ ಸಂಶೋಧನೆಗೆ ದೊಡ್ಡ ಹೆಸರಿದೆ. ಸಂಶೋಧನೆಗೆ ಅಂದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮತ್ತು ಬೆಂಗಳೂರಿನಲ್ಲಿರುವ ಅದರ ಪ್ರಾದೇಶಿಕ ಕೇಂದ್ರ, ಲಕ್ನೋದ ಟಾಕ್ಸಿಕಾಲಜಿ ಸಂಶೋಧನಾ ಸಂಸ್ಥೆ ಐಐಟಿಆರ್, ನಾಗಪುರದ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ನೀರಿ.

ಎಚ್ಚರಿಕೆ: ದೂರಶಿಕ್ಷಣದ ಪಿಜಿ ಡಿಪ್ಲೊಮಾಗಳು ಜ್ಞಾನಕ್ಕೆ ಒಳ್ಳೆಯದು. ಸ್ನಾತಕೋತ್ತರ ಪದವಿ ಕೇಳಿದ ಕಡೆ ಅವು ನಡೆಯುವುದಿಲ್ಲ. "ಎರಡೂ ಒಂದೇ" ಅಂತ ಹೇಳುವವರ ಹತ್ತಿರ ಬರವಣಿಗೆಯಲ್ಲಿ ಕೊಡಿ ಅನ್ನಿ, ಮಾತು ಬದಲಾಗುತ್ತದೆ.

4. ಪ್ರವೇಶ ಪರೀಕ್ಷೆ, ಅರ್ಜಿ

ರಾಜ್ಯದ ವಿಶ್ವವಿದ್ಯಾಲಯಗಳ ಪಿಜಿಗೆ ಯುಯುಸಿಎಂಎಸ್ ಪೋರ್ಟಲ್ ಮೇಲೆ ಕಣ್ಣಿಟ್ಟಿರಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ. ಎಂ.ಟೆಕ್.ಗೆ ಗೇಟ್ ಅಥವಾ ಕೆಇಎ ನಡೆಸುವ ಪಿಜಿಸಿಇಟಿ. ಗೇಟ್‌ನಲ್ಲಿ 2021ರಿಂದ ಎನ್ವಿರಾನ್ಮೆಂಟಲ್ ಸೈನ್ಸ್ ಅಂಡ್ ಎಂಜಿನಿಯರಿಂಗ್ ಅಂತಲೇ ಬೇರೆ ಪತ್ರಿಕೆ ಇದೆ, ಸಿವಿಲ್ ಪತ್ರಿಕೆಯಲ್ಲೇ ಒದ್ದಾಡಬೇಕಾಗಿಲ್ಲ. ಸಂಶೋಧನೆ ಅಥವಾ ಪಾಠ ಹೇಳುವ ಕೆಲಸಕ್ಕೆ ಯುಜಿಸಿ ನೆಟ್, ಪರಿಸರ ವಿಜ್ಞಾನ ಅದರಲ್ಲಿ ಒಂದು ವಿಷಯ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಅದಿಲ್ಲದೆ ಪಿಎಚ್.ಡಿ.ಗೆ ಸೇರುವ ಮೊದಲು ಹತ್ತು ಸಲ ಯೋಚಿಸಿ. ನಾಲ್ಕೈದು ವರ್ಷ ಮನೆಯವರ ದುಡ್ಡಿನಲ್ಲಿ ಸಂಶೋಧನೆ ಮಾಡುವುದು ಎಲ್ಲರಿಗೂ ಆಗುವ ಮಾತಲ್ಲ.

5. ಆ ಎರಡು ವರ್ಷ ಏನು ಮಾಡಬೇಕು

ಕೆಲಸ ಸಿಗುವುದು ಬಿಡುವುದು ಇಲ್ಲೇ ತೀರ್ಮಾನ ಆಗುವುದು. ನಿಮ್ಮ ಜೊತೆ ಪಾಸಾದವರೆಲ್ಲರ ಹತ್ತಿರವೂ ಅದೇ ಡಿಗ್ರಿ ಇರುತ್ತದಲ್ವಾ? ನಿಮಗೆ ಕೈಯಲ್ಲಿ ಮಾಡಿ ಗೊತ್ತಿರುವುದು ಏನು ಅಂತ ಸಂದರ್ಶನದಲ್ಲಿ ಕೇಳುತ್ತಾರೆ.

ಉದಾಹರಣೆಗೆ ಕುಡಿಯುವ ನೀರಿನ ಸ್ಯಾಂಪಲ್. ಸುಲಭ ಅನ್ನಿಸುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅಂದರೆ ನಲ್ಲಿಯ ಬಾಯಿ ಒರೆಸಿ, ಲೋಹದ ನಲ್ಲಿಯಾದರೆ ಬೆಂಕಿ ತೋರಿಸಿ, ಒಂದೆರಡು ನಿಮಿಷ ನೀರು ಹರಿಯಲು ಬಿಟ್ಟು, ಸ್ಟೆರೈಲ್ ಬಾಟಲಿಯ ಮುಚ್ಚಳವನ್ನು ಕೆಳಗಿಡದೆ ಕೈಯಲ್ಲೇ ಹಿಡಿದು ತುಂಬಬೇಕು. ಪೂರ್ತಿ ತುಂಬಬಾರದು, ಅಲುಗಾಡಿಸಲು ಮೇಲೆ ಸ್ವಲ್ಪ ಜಾಗ ಬೇಕು. ಕ್ಲೋರಿನ್ ಹಾಕಿದ ನೀರಾದರೆ ಬಾಟಲಿಯಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ದಾರಿಯಲ್ಲೇ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಂದು, ಕೆಟ್ಟ ನೀರಿಗೂ ಒಳ್ಳೆಯ ರಿಪೋರ್ಟ್ ಬರುತ್ತದೆ. ನಮ್ಮ ಕಡೆಯ ತೆರೆದ ಬಾವಿಯಾದರೆ ಬಾಟಲಿಗೆ ಭಾರ ಕಟ್ಟಿ, ಗೋಡೆಗೆ ತಾಗದಂತೆ ಇಳಿಸಬೇಕು. ಮನೆಯವರ ಕೊಡಪಾನದಲ್ಲಿ ಸೇದಿ ಬಾಟಲಿಗೆ ಸುರಿದರೆ ನೀವು ಪರೀಕ್ಷೆ ಮಾಡುತ್ತಿರುವುದು ಬಾವಿಯನ್ನಲ್ಲ, ಕೊಡಪಾನವನ್ನು. ಆಮೇಲೆ ಐಸ್ ಬಾಕ್ಸ್, 24 ಗಂಟೆಯೊಳಗೆ ಲ್ಯಾಬ್. ನಿಟ್ಟೂರು, ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಮಳೆಗಾಲದಲ್ಲಿ ಇದನ್ನು ತಲುಪಿಸುವುದೇ ಒಂದು ಪಾಠ. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಇ-ಕೋಲಿ ಒಂದೂ ಕಾಣಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಇಂಥ ಅಂಕಿ ಬಾಯಲ್ಲೇ ಇರಬೇಕು.

ಹಾಗೇ ಮಂಗನ ಕಾಯಿಲೆಯ ಸಮೀಕ್ಷೆ. ಇದನ್ನು ಹರಡುವುದು ರಕ್ತ ಹೀರುವ ಉಣುಗು. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ತರಗೆಲೆ ಮೇಲೆ ನಿಧಾನ ಎಳೆದುಕೊಂಡು ಹೋದರೆ ಉಣುಗುಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ಆಗಾಗ ನಿಂತು ಚಿಮುಟದಲ್ಲಿ ಹೆಕ್ಕಿ ಬಾಟಲಿಗೆ ಹಾಕಿ, ಎಲ್ಲಿ, ಯಾವಾಗ ಸಿಕ್ಕಿದ್ದು ಅಂತ ಬರೆಯಬೇಕು. ಜನರಿಗೆ ಕಚ್ಚಿ ಕಾಯಿಲೆ ಹರಡುವುದು ಹೆಚ್ಚಾಗಿ ಅದರ ಮರಿ ಹಂತ, ಎಳ್ಳಿನ ಕಾಳಿನಷ್ಟೂ ಇರುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ತರಗೆಲೆ ತರಲು ಕಾಡಿಗೆ ಹೋಗುವುದೂ ಹೆಚ್ಚೂಕಡಿಮೆ ಅದೇ ತಿಂಗಳುಗಳಲ್ಲಿ. ಶಿವಮೊಗ್ಗದಲ್ಲೇ ಇದಕ್ಕೆ ವೈರಸ್ ಪತ್ತೆ ಪ್ರಯೋಗಾಲಯ ಇದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಜೋರಾಗಿ ಸಾವುಗಳಾದದ್ದು ನಿಮಗೆ ನೆನಪಿರಬಹುದು. ಇದನ್ನೇ ಪ್ರಾಜೆಕ್ಟ್ ವಿಷಯ ಮಾಡಿಕೊಳ್ಳಬಹುದು. ಆದರೆ ಗೈಡ್ ಇಲ್ಲದೆ, ಉಣುಗು ನಿವಾರಕ ಎಣ್ಣೆ ಹಚ್ಚದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಟ್ಟೆ ಹಿಡಿದು ಕಾಡಿಗೆ ನುಗ್ಗಬೇಡಿ, ದಯವಿಟ್ಟು.

ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಪ್ರತಿ ವರ್ಷ "ತುಂಗಾ ನದಿಯ ನೀರಿನ ಗುಣಮಟ್ಟ" ಅಂತ ಅದೇ ಪ್ರಾಜೆಕ್ಟ್ ಯಾರಾದರೂ ಮಾಡುತ್ತಲೇ ಇರುತ್ತಾರೆ. pH ಅಳೆದು, ಟೇಬಲ್ ಹಾಕಿ, ಬೈಂಡ್ ಮಾಡಿಸಿ ಮುಗಿಸುತ್ತಾರೆ. ಅದರಲ್ಲಿ ಆರೋಗ್ಯ ಎಲ್ಲಿದೆ? ಅದರ ಬದಲು ಅಡಿಕೆ ಬೇಯಿಸುವ ಮನೆಗಳಲ್ಲಿ ಸುಗ್ಗಿ ಸಮಯದ ಹೊಗೆ ಅಳೆಯಿರಿ, ಅಲ್ಲಿ ಕೂತು ಕೆಲಸ ಮಾಡುವ ಹೆಂಗಸರಿಗೆ ಕೆಮ್ಮು, ಉಬ್ಬಸ ಇದೆಯಾ ಕೇಳಿ. ಪಿಎಂ 2.5 ಅನ್ನುವ ಸಣ್ಣ ಧೂಳಿನ ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಮಲೆನಾಡಿನ ಗಾಳಿ ಶುದ್ಧ ಅಂತ ನಾವು ಹೇಳಿಕೊಳ್ಳುತ್ತೇವೆ, ಮನೆಯೊಳಗಿನ ಗಾಳಿಯನ್ನು ಯಾರೂ ಅಳೆಯುವುದಿಲ್ಲ. ಬೋರ್ಡೋ ಹೊಡೆಯುವವರ ಚರ್ಮ, ಕಣ್ಣಿನ ತೊಂದರೆ ಇನ್ನೊಂದು ವಿಷಯ. ಜನರನ್ನು ಪ್ರಶ್ನೆ ಕೇಳುವ ಅಧ್ಯಯನವಾದರೆ ಎಥಿಕ್ಸ್ ಕಮಿಟಿ ಅನುಮತಿ ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಮೂರನೇ ಸೆಮಿಸ್ಟರ್ ಶುರುವಿಗೇ ಅರ್ಜಿ ಹಾಕಿ.

ಇನ್ನು ಸ್ಟ್ಯಾಟಿಸ್ಟಿಕ್ಸ್. ಬಯಾಲಜಿ ಹುಡುಗರು ಇದಕ್ಕೆ ಹೆದರುತ್ತಾರೆ. ತಪ್ಪಿಸಿಕೊಂಡರೆ ಜೀವನಪೂರ್ತಿ ಸ್ಯಾಂಪಲ್ ಹೊರುವ ಕೆಲಸವೇ ಗತಿ. ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಕಲಿಯಿರಿ, ನಕ್ಷೆ ಮಾಡಲು ಕ್ಯೂಜಿಐಎಸ್, ಅದೂ ಉಚಿತ. ಕಾನೂನುಗಳನ್ನು ಹೆಸರಿಗಲ್ಲ, ಒಳಗೆ ಏನಿದೆ ಅಂತ ಓದಿ: 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2006ರ ಇಐಎ ಅಧಿಸೂಚನೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ಇಐಎ ಅಂದರೆ ಯೋಜನೆ ಶುರುವಾಗುವ ಮೊದಲು ಪರಿಸರದ ಮೇಲೆ ಏನಾಗುತ್ತದೆ ಅಂತ ಮಾಡುವ ಅಂದಾಜು. ಶರಾವತಿ ಕಣಿವೆಯ ಯೋಜನೆಗಳ ಸುದ್ದಿಯಲ್ಲಿ ಕೇಳುತ್ತಲೇ ಇರುತ್ತೀರಿ.

6. ದುಡ್ಡು

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಹೊಸದಾಗಿ ಅರ್ಜಿ. ಆಧಾರ್, ಬ್ಯಾಂಕ್ ಖಾತೆ, ಮಾರ್ಕ್ಸ್ ಕಾರ್ಡ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ, ಇನಿಷಿಯಲ್ ಹಿಂದೆ ಮುಂದೆ ಆಗಿಯೇ ಎಷ್ಟೋ ಅರ್ಜಿ ನಿಂತುಹೋಗುತ್ತವೆ. ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್. ದೊಡ್ಡ ಮೊತ್ತಕ್ಕೆ ಬ್ಯಾಂಕ್ ಅಡಮಾನ ಕೇಳುತ್ತದೆ. ತೋಟ ಇದೆಯಲ್ಲ ಅನ್ನುವವರು ಮೊದಲು ಪಹಣಿ ತೆಗೆದು ನೋಡಿ. ಹಕ್ಕುಪತ್ರ ಆಗದ ಬಗರ್ ಹುಕುಂ ಜಮೀನಿನ ಮೇಲೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಅಡಿಕೆ ಎಷ್ಟು ಚೆನ್ನಾಗಿ ಬರುತ್ತಿದ್ದರೂ.

7. ವಿದೇಶಕ್ಕೆ ಹೋಗುವವರಿಗೆ

ಅಮೆರಿಕ, ಬ್ರಿಟನ್‌ನಲ್ಲಿ ಪರಿಸರ ಆರೋಗ್ಯ ಅನ್ನುವುದು ಅದೇ ಹೆಸರಿನ ಪ್ರತ್ಯೇಕ ವೃತ್ತಿ. ಅಮೆರಿಕದಲ್ಲಿ ಎಂಪಿಎಚ್ ಆದರೆ ಸಿಇಪಿಎಚ್ ಮಾನ್ಯತೆ ಇದೆಯಾ ನೋಡಿ. ಬ್ರಿಟನ್‌ನಲ್ಲಿ ಪರಿಸರ ಆರೋಗ್ಯ ಅಧಿಕಾರಿ ಆಗಬೇಕಾದರೆ ಸಿಐಇಎಚ್ ಮಾನ್ಯತೆ ಇರುವ ಕೋರ್ಸ್. ಮೂರು ವರ್ಷದ ಬಿ.ಎಸ್ಸಿ.ಯನ್ನು ಕೆಲವು ಅಮೆರಿಕನ್ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ, ಅರ್ಜಿ ಶುಲ್ಕ ಕಟ್ಟುವ ಮೊದಲು ಇಮೇಲ್ ಹಾಕಿ ಕೇಳಿ. ಇಲ್ಲಿ ಎಂ.ಎಸ್ಸಿ. ಮುಗಿಸಿ ಹೋಗುವವರಿಗೆ ಈ ತೊಂದರೆ ಕಡಿಮೆ.

ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಸಾಲ ರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ಫುಲ್‌ಬ್ರೈಟ್ ನೆಹರೂ ಮಾಸ್ಟರ್ಸ್‌ಗೆ ಮೂರು ವರ್ಷದ ಕೆಲಸದ ಅನುಭವ ಬೇಕು, ಹಾಗಾಗಿ ಡಿಗ್ರಿ ಮುಗಿದ ಕೂಡಲೇ ಅದರ ಹಿಂದೆ ಬೀಳಬೇಡಿ.

ಎಚ್ಚರಿಕೆ: "ಉಚಿತ ಮಾರ್ಗದರ್ಶನ" ಕೊಡುವ ಏಜೆಂಟರಿಗೆ ಸಾಮಾನ್ಯವಾಗಿ ಕಾಲೇಜುಗಳಿಂದ ಕಮಿಷನ್ ಇರುತ್ತದೆ. ಅವರ ಪಟ್ಟಿಯಲ್ಲಿ ಇಲ್ಲದ ಕಾಲೇಜೇ ನಿಮಗೆ ಸರಿಯಾದದ್ದಿರಬಹುದು. ನೇರವಾಗಿ ಅರ್ಜಿ ಹಾಕುವುದು ಕಷ್ಟವೇನಲ್ಲ.

8. ಕೆಲಸ ಎಲ್ಲೆಲ್ಲಿ, ಹೇಗಿರುತ್ತದೆ

ಮಾಲಿನ್ಯ ನಿಯಂತ್ರಣ ಮಂಡಳಿ ಕೆಲಸ ಎಲ್ಲರ ಕನಸು. ಶಿವಮೊಗ್ಗದಲ್ಲೂ ಪ್ರಾದೇಶಿಕ ಕಚೇರಿ ಇದೆ. ಹುದ್ದೆಗಳು ಕಡಿಮೆ, ನೇಮಕಾತಿ ಯಾವಾಗ ಅಂತ ಹೇಳಲಾಗುವುದಿಲ್ಲ. ಅದೊಂದನ್ನೇ ನಂಬಿ ಮನೆಯಲ್ಲಿ ಕೂರಬೇಡಿ.

ಬೇಗ ಸಿಗುವುದು ಖಾಸಗಿ ಲ್ಯಾಬ್ ಮತ್ತು ಇಐಎ ಕನ್ಸಲ್ಟೆನ್ಸಿ, ಹೆಚ್ಚಾಗಿ ಬೆಂಗಳೂರಿನಲ್ಲಿ. ಲ್ಯಾಬಿಗೆ ಎನ್‌ಎಬಿಎಲ್, ಕನ್ಸಲ್ಟೆನ್ಸಿಗೆ ನ್ಯಾಬೆಟ್ ಮಾನ್ಯತೆ ಇದೆಯಾ ನೋಡಿಯೇ ಸೇರಿ. ಮಾನ್ಯತೆ ಇಲ್ಲದ ಕಡೆಯ ಅನುಭವಕ್ಕೆ ಮುಂದೆ ಬೆಲೆ ಇಲ್ಲ. ಶುರುವಿನ ಸಂಬಳ ಕಡಿಮೆ, ತಿರುಗಾಟ ಜಾಸ್ತಿ. ಕೂತಲ್ಲೇ ರೀಡಿಂಗ್ ಬರೆದುಬಿಡು ಅಂತ ಯಾರಾದರೂ ಹೇಳಿದರೆ ಆ ಜಾಗ ಬಿಡಿ. ರಿಪೋರ್ಟಿನ ಕೆಳಗೆ ಇರುವುದು ನಿಮ್ಮ ಸಹಿ.

ನನ್ನ ಲೆಕ್ಕದಲ್ಲಿ ಸದ್ಯಕ್ಕೆ ಗಟ್ಟಿ ದಾರಿ ಕಾರ್ಖಾನೆಗಳ ಇಎಚ್‌ಎಸ್ ವಿಭಾಗ, ಅಂದರೆ ಪರಿಸರ, ಆರೋಗ್ಯ ಮತ್ತು ಸುರಕ್ಷತೆ. ದೊಡ್ಡ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿ ಇರಲೇಬೇಕು ಅಂತ ಕಾನೂನಿದೆ. ಅದಕ್ಕೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಬೇಕು. ಎಂಜಿನಿಯರ್‌ಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಕಾರ್ಮಿಕರ ಜೊತೆ ಕನ್ನಡದಲ್ಲಿ ಮಾತಾಡಿ ಮಾಸ್ಕ್ ಏಕೆ ಹಾಕಬೇಕು ಅಂತ ಒಪ್ಪಿಸಬಲ್ಲವರು ಆ ಕೆಲಸದಲ್ಲಿ ಬೇಗ ಮೇಲೆ ಬರುತ್ತಾರೆ. ಎಂಬಿಬಿಎಸ್ ಮಾಡಿದವರಿಗೆ ಎಎಫ್‌ಐಎಚ್ ಅನ್ನುವ ಮೂರು ತಿಂಗಳ ಕೋರ್ಸ್ ಇದೆ, ಕಾರ್ಖಾನೆ ವೈದ್ಯರಾಗಲು ಬೇಕಾಗುವುದು ಅದೇ.

ಆರೋಗ್ಯ ಇಲಾಖೆಯಲ್ಲಿ ಜಿಲ್ಲಾ ಮಟ್ಟದ ಎಪಿಡೆಮಿಯಾಲಜಿಸ್ಟ್, ಕೀಟಶಾಸ್ತ್ರಜ್ಞರ ಕೆಲಸಗಳು ಬಹುತೇಕ ಗುತ್ತಿಗೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಆದರೆ ಗುತ್ತಿಗೆ ನವೀಕರಣದ ಚಿಂತೆ ಇದ್ದದ್ದೇ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಿಂದ ಹಳ್ಳಿ ನೀರಿನ ಪರೀಕ್ಷೆ ಕೆಲಸವೂ ಹೆಚ್ಚಿದೆ. ಊರು ಬಿಟ್ಟು ಹೋಗಲಾರೆ ಅನ್ನುವವರಿಗೆ ಆಸ್ಪತ್ರೆ ತ್ಯಾಜ್ಯ ನಿರ್ವಹಣೆ, ನೀರಿನ ಲ್ಯಾಬ್, ಪಾಲಿಕೆಯ ಘನತ್ಯಾಜ್ಯ ವಿಭಾಗ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ಕೆಲಸ, ಇಷ್ಟರಲ್ಲೇ ನೋಡಿಕೊಳ್ಳಬೇಕು. ಶಿವಮೊಗ್ಗದಲ್ಲೇ ಇದ್ದು ಬೆಂಗಳೂರಿನ ಸಂಬಳ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

9. ಕಾಗದಪತ್ರ ಈಗಲೇ

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 25, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಮಲೆನಾಡಿನ ಎಷ್ಟೋ ಮಕ್ಕಳಿಗೆ ಎರಡೂ ಅನ್ವಯಿಸುತ್ತದೆ. ಆದರೆ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಬೇಕು, ಅದೂ ನಿಗದಿತ ನಮೂನೆಯಲ್ಲೇ. ಐದನೇ ಕ್ಲಾಸಿನವರೆಗೆ ಒಂದು ಶಾಲೆ, ಆಮೇಲೆ ಇನ್ನೊಂದು, ಹೈಸ್ಕೂಲ್ ಮತ್ತೊಂದು ಕಡೆ ಓದಿದವರು ಎಲ್ಲ ಕಡೆಯೂ ಅಲೆಯಬೇಕು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾಗಿದ್ದರೆ ದಾಖಲೆ ಎಲ್ಲಿಗೆ ಹೋಗಿದೆ ಅಂತ ಮೊದಲು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯ ಕೊನೆಯ ದಿನಾಂಕದ ನಂತರ ಪಡೆದ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಹಾಗಾಗಿ ಪಿಜಿಯ ಮೊದಲ ಬೇಸಿಗೆ ರಜೆಯಲ್ಲೇ, ಶಾಲೆಯ ಕಚೇರಿ ತೆರೆದಿರುವ ದಿನ ನೋಡಿಕೊಂಡು, ಈ ಕೆಲಸ ಮುಗಿಸಿ.